ಗುಲಾಬಿ ಬಣ್ಣದ ಹಡಗು

ಕೈರೋದಿಂದ ಬಂದ ಪತ್ರವನ್ನು ನಜ್ಮಿ ಮೇಷ್ಟ್ರು ನಿಂತುಕೊಂಡೇ ಓದಿದರು. ಊಟದ ಮೇಜಿನ ಮೇಲೆ ಬೇಳೆ ಸಾರು ಆರುತ್ತಿತ್ತು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳು. ಮಾಂಸ, ಹಾಲು, ಮೊಟ್ಟೆ ಯಾವುದೂ ಮನೆಯೊಳಗೆ ಬರುವಂತಿರಲಿಲ್ಲ. ಸಾರಿಗೆ ನಿಂಬೆ ಹಿಂಡಿ, ರೊಟ್ಟಿ ಮುರಿದು ಹಾಕಿಕೊಂಡು ಎಲ್ಲರೂ ಮೇಷ್ಟ್ರು ಕೂರುವುದನ್ನೇ ಕಾಯುತ್ತಿದ್ದರು.

“ಏನ್ರೀ, ಕೂತ್ಕೊಂಡು ಓದಬಾರ್ದಾ? ಪ್ರಾರ್ಥನೆ ಮಾಡಿ ಶುರು ಮಾಡೋಣ,” ಎಂದಳು ಹೆಂಡತಿ ಸಮೀಹಾ.

ಮೇಷ್ಟ್ರು ಪತ್ರವನ್ನು ಮಡಿಸಿದರು. ಮತ್ತೆ ಬಿಚ್ಚಿದರು. “ನಮ್ಮ ಮನೇಲಿ ಕಳ್ಳರಿದ್ದಾರಂತೆ,” ಎಂದರು.

“ಕದಿಯೋಕೆ ಇಲ್ಲಿ ಏನಿದೆಯಪ್ಪಾ? ಈ ಬೇಳೆ ಸಾರಾ?” ಎಂದು ಮಗಳು ಫೆರ್ಯಾಲ್ ನಕ್ಕಳು. ಟೆಲಿಫೋನ್ ಕಚೇರಿಯಲ್ಲಿ ದಿನವಿಡೀ ಊರಿನವರ ಬೈಗುಳ ಕೇಳಿ ಬರುವ ಹುಡುಗಿ, ಮನೆಯಲ್ಲಿ ಯಾವುದಕ್ಕೂ ಬೇಗ ಬೆಚ್ಚುತ್ತಿರಲಿಲ್ಲ. ಆದರೆ ಅಪ್ಪನ ಮುಖ ನೋಡಿದವಳೇ ಚಮಚ ಕೆಳಗಿಟ್ಟಳು.

ವಿಷಯ ಇಷ್ಟು. ಅಲೆಕ್ಸಾಂಡ್ರಿಯಾದ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಜ್ಮಿ ಮೇಷ್ಟ್ರಿಗೆ ಅಂಚೆಚೀಟಿಯ ಹುಚ್ಚು. ಅವರಂಥ ಹುಚ್ಚಿನವರು ದೇಶದ ಊರೂರಿನಲ್ಲಿ ಇದ್ದರು. ಎಲ್ಲರೂ ಸೇರಿ ಒಂದು ಬಳಗ ಮಾಡಿಕೊಂಡಿದ್ದರು. ಮಾರುವವನು ತನ್ನ ಚೀಟಿಗಳನ್ನು ಸಣ್ಣ ಪುಸ್ತಕದಲ್ಲಿ ಅಂಟಿಸಿ ಕೆಳಗೆ ಬೆಲೆ ಬರೆಯುತ್ತಿದ್ದ. ಆ ಪುಸ್ತಕ ರಿಜಿಸ್ಟರ್ಡ್ ಅಂಚೆಯಲ್ಲಿ ಒಬ್ಬರಿಂದ ಇನ್ನೊಬ್ಬರ ಮನೆಗೆ ಸುತ್ತುತ್ತಿತ್ತು. ಬೇಕಾದುದನ್ನು ಕಿತ್ತುಕೊಂಡು, ಖಾಲಿ ಜಾಗದಲ್ಲಿ ಸಹಿ ಹಾಕಿ, ಮುಂದಿನವರಿಗೆ ಕಳಿಸಬೇಕು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಎಲ್ಲ ನಡೆಯುತ್ತಿದ್ದುದು ನಂಬಿಕೆಯ ಮೇಲೆ.

ಹಿಂದಿನ ತಿಂಗಳು ಬಂದುಹೋದ ಪುಸ್ತಕ ಪೋರ್ಟ್ ಸಯೀದಿನ ಇಲ್ಯಾಸ್ ಎಂಬುವರದು. ಮೇಷ್ಟ್ರಿಗೆ ಪತ್ರದಲ್ಲೇ ಪರಿಚಯವಾಗಿ, ಪತ್ರದಲ್ಲೇ ಆಪ್ತರಾದ ಮನುಷ್ಯ. ಪ್ರತಿ ಈಸ್ಟರಿಗೂ, ಕ್ರಿಸ್ಮಸ್ಸಿಗೂ ಶುಭಾಶಯ ಕಳಿಸುತ್ತಿದ್ದರು. ಅವರ ಪುಸ್ತಕದಲ್ಲಿ ಸೂಯೆಜ್ ಕಾಲುವೆ ಕಂಪನಿಯ ಹಳೆಯ ಚೀಟಿಯೊಂದಿತ್ತು. ಗುಲಾಬಿ ಬಣ್ಣ, ನಡುವೆ ಹೊಗೆಯುಗುಳುವ ಹಡಗು. ಪೋರ್ಟ್ ಸಯೀದಿನಿಂದ ಹೊರಟಾಗ ಅದು ಅಸಲಿ. ಮೇಷ್ಟ್ರ ಮನೆ ದಾಟಿ ಮನ್ಸೂರಾದ ಡಾಕ್ಟರರ ಕೈ ಸೇರಿದಾಗ ಅದೇ ಜಾಗದಲ್ಲಿ ಇದ್ದದ್ದು ನಕಲಿ. ಡಾಕ್ಟರರು ಕೈರೋದಲ್ಲಿದ್ದ ಬಳಗದ ಕಾರ್ಯದರ್ಶಿಗೆ ದೂರು ಬರೆದಿದ್ದರು.

“ನೀವೇ ಅಂತ ಬರ್ದಿದ್ದಾರಾ?” ಮಗ ಮುನೀರ್ ಕೇಳಿದ.

“ಕಾರ್ಯದರ್ಶಿ ದೊಡ್ಡ ಮನುಷ್ಯರು. ಹಾಗೆ ಬರೀತಾರಾ?” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಒಂದು ಸಾಲನ್ನು ಗಟ್ಟಿಯಾಗಿ ಓದಿದರು. “‘ತಮ್ಮ ಪ್ರಾಮಾಣಿಕತೆಯ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ತಮ್ಮ ಮನೆಯವರಲ್ಲಿ ಯಾರಾದರೂ ತಿಳಿಯದೆ ಅದನ್ನು ಮುಟ್ಟಿರಬಹುದೇ, ದಯವಿಟ್ಟು ವಿಚಾರಿಸಿ.’”

“ಅಯ್ಯೋ, ನಮ್ಮಲ್ಲೇ ಆ ಹಡಗಿನ ಚೀಟಿ ಇದೆಯಲ್ಲ! ಇನ್ನೊಂದನ್ನ ಕದ್ದು ಏನು ಮಾಡೋಣ?” ಎಂದಳು ಸಮೀಹಾ.

“ಅದನ್ನೇ ಬರೀತೀನಿ,” ಎಂದರು ಮೇಷ್ಟ್ರು. ಆದರೂ ಅವರ ಕಣ್ಣು ಮೇಜಿನ ಸುತ್ತ ಒಮ್ಮೆ ಹರಿದು ಬಂತು. ಎಲ್ಲರ ಮೇಲೂ ಒಂದೇ ಸಮ ಹರಿಯಿತೋ, ಸೊಸೆ ಎವ್ಲೀನಳ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತೋ, ಆಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು.

ಎವ್ಲೀನ್ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕರ್ಮೂಜ್ ಬಡಾವಣೆಯ ಟ್ರಾಮ್ ಕಂಡಕ್ಟರ್ ಶಹಾತಾನ ಮಗಳು. ಶಿಶುವಿಹಾರದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಬೇರೆ ಮನೆ ಹಿಡಿಯುವ ಶಕ್ತಿ ಮುನೀರನಿಗೆ ಇರಲಿಲ್ಲವಾಗಿ ಮೇಷ್ಟ್ರ ಅಂಚೆಚೀಟಿಯ ಕೋಣೆಯನ್ನೇ ಹೊಸ ಜೋಡಿಗೆ ಬಿಟ್ಟುಕೊಟ್ಟಿದ್ದರು. ಮೇಜು ಹಜಾರಕ್ಕೆ ಬಂತು. ಆಲ್ಬಮ್ಮುಗಳ ಕಪಾಟು ಮಾತ್ರ ಗೋಡೆಗೆ ಕೂಡಿಸಿದ್ದರಿಂದ ಅಲ್ಲೇ ಉಳಿಯಿತು. ಒಂದು ಆಲ್ಬಮ್ ಬೇಕಾದರೂ ಮೇಷ್ಟ್ರು ಮಗನ ಬಾಗಿಲು ತಟ್ಟಬೇಕು. ಅವರು ತಟ್ಟಿ, ಕೆಮ್ಮಿ, ನಿಂತು, ಒಳಗೆ ಹೋಗುತ್ತಿದ್ದರು. ಎವ್ಲೀನ್ ತಲೆಗೂದಲು ಸರಿಮಾಡಿಕೊಳ್ಳುತ್ತ ಹೊರಗೆ ಬರುತ್ತಿದ್ದಳು. ಇಬ್ಬರಿಗೂ ಅದು ಹಿಂಸೆ.

ಊಟ ಮುಗಿದ ಮೇಲೆ ಪಾತ್ರೆ ತೊಳೆಯುತ್ತಿದ್ದಾಗ ಸಮೀಹಾ ಶುರು ಮಾಡಿದಳು.

“ಆ ಪುಸ್ತಕ ಮೇಜಿನ ಮೇಲಿದ್ದಾಗ ನೀನು ಕೇಳಿದ್ಯಲ್ಲ, ಈ ಚೂರು ಕಾಗದಕ್ಕೆ ಎಷ್ಟು ಬೆಲೆ ಅಂತ?”

“ಕೇಳಿದ್ದೆ ಅತ್ತೆ. ಟೀ ತಟ್ಟೆ ಇಡೋಕೆ ಹೋದ್ರೆ ಮಾವ ಕೂಗಿದ್ರು. ಅಷ್ಟೊಂದು ಬೆಲೇದಾ ಅಂತ ಕೇಳ್ದೆ.”

“ನಾನು ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು. ಒಂದು ದಿನ ಬೆಲೆ ಕೇಳ್ದವಳಲ್ಲ.”

“ಕೇಳ್ಬೇಕಿತ್ತು,” ಎಂದು ಎವ್ಲೀನ್ ತೊಳೆದ ಬಾಣಲೆಯನ್ನು ಮಗುಚಿ ಹಾಕಿದಳು. ಅವಳು ಹೇಳಿದ್ದರಲ್ಲಿ ವ್ಯಂಗ್ಯ ಇರಲಿಲ್ಲ. ಆದರೆ ಬಾಣಲೆ ಸದ್ದು ಮಾಡಿತು. ಸಮೀಹಾ ಆ ಸದ್ದನ್ನೇ ಉತ್ತರವೆಂದುಕೊಂಡಳು.

ಅಲ್ಲಿಂದ ಮನೆಯಲ್ಲಿ ಎಲ್ಲಕ್ಕೂ ಒಂದೇ ಬಣ್ಣ ಬಂತು. ಎವ್ಲೀನ್ ಶಾಲೆಯಿಂದ ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡರೆ ಒಳಗೇನು ಮಾಡುತ್ತಾಳೆ. ಹೊಸ ಚಪ್ಪಲಿ ಹಾಕಿದರೆ ದುಡ್ಡು ಎಲ್ಲಿಂದ ಬಂತು. ಮುನೀರ್ ಒಂದೆರಡು ಸಲ “ಅಮ್ಮಾ, ಸಾಕು,” ಎಂದ. ಸಾಕೆಂದದ್ದು ಅಮ್ಮನಿಗೋ ಹೆಂಡತಿಗೋ ಗೊತ್ತಾಗದಷ್ಟು ಮೆಲ್ಲಗೆ.

“ಪೊಲೀಸ್ ನಾಯಿ ತರಿಸಮ್ಮ,” ಎಂದಳು ಫೆರ್ಯಾಲ್. “ಅದಕ್ಕೆ ಮೂಸೋಕೆ ನಮ್ಮಪ್ಪನ ಅಂಟು ಕೊಡೋಣ. ಊರಲ್ಲಿರೋ ಕಳ್ಳರೆಲ್ಲ ಸಿಗ್ತಾರೆ.”

“ನಿನಗೆ ಎಲ್ಲ ತಮಾಷೆ. ನಿಮ್ಮಪ್ಪನ ಮಾನ ಹೋಗ್ತಿದೆ.”

“ಅಪ್ಪಾ, ನೀವೇನು ಹೇಳ್ತೀರಿ?”

ಮೇಷ್ಟ್ರು ಪತ್ರಿಕೆಯಿಂದ ತಲೆ ಎತ್ತದೆ, “ನಾನು ಯಾರ ಹೆಸರೂ ಹೇಳಿಲ್ಲ,” ಎಂದರು.

ಶುಕ್ರವಾರ ಬಟ್ಟೆ ಒಗೆಯುವ ದಿನ. ಎವ್ಲೀನ್ ಒದ್ದೆ ಬಟ್ಟೆಯ ಬೋಗುಣಿ ಹೊತ್ತು ತಾರಸಿಗೆ ಹೋಗಿದ್ದಳು. ಮುನೀರ್ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಎದುರು ಮನೆಯ ಉಮ್ಮ್ ಫತ್ಹಿ, ಎರವಲು ಒಯ್ದಿದ್ದ ಜರಡಿ ಕೊಡಲು ಬಂದವಳು, ತೆರೆದ ಬಾಗಿಲಲ್ಲಿ ನಿಂತು ಸಮೀಹಾಳನ್ನು ಕೂಗಿದಳು. ಸಮೀಹಾ ಒಳಕೋಣೆಯಿಂದಲೇ “ಬನ್ನಿ, ಬನ್ನಿ,” ಎಂದಳು. ಅವಳ ಕೈ ಆಗ ಸೊಸೆಯ ಪೆಟ್ಟಿಗೆಯೊಳಗಿತ್ತು.

ಎವ್ಲೀನ್ ಖಾಲಿ ಬೋಗುಣಿ ಹಿಡಿದು ಇಳಿದು ಬಂದಾಗ ಅವಳ ಒಳಬಟ್ಟೆ, ಮದುವೆಯ ರಾತ್ರಿಯ ಗೌನು, ತಾಯಿ ಕೊಟ್ಟ ಕರವಸ್ತ್ರಗಳು ಎಲ್ಲ ಹಾಸಿಗೆಯ ಮೇಲಿದ್ದವು. ಸಮೀಹಾ ಪೆಟ್ಟಿಗೆಯ ತಳದಿಂದ ಕಾಗದದ ಪೊಟ್ಟಣವೊಂದನ್ನು ಎತ್ತಿ ಬಿಚ್ಚುತ್ತಿದ್ದಳು. ಒಳಗಿದ್ದುದು ಹಳದಿ ಉಣ್ಣೆಯಲ್ಲಿ ಹೆಣೆದ, ಹೆಬ್ಬೆರಳಿನಷ್ಟೇ ಉದ್ದದ ಎರಡು ಕಾಲುಚೀಲ.

ಉಮ್ಮ್ ಫತ್ಹಿಯೇ ಮೊದಲು, “ಅಯ್ಯೋ ದೇವರೇ, ಶುಭಾಶಯ ಕಣಮ್ಮ,” ಎಂದು, ಹಾಗೆಂದುದಕ್ಕೆ ತಾನೇ ನಾಚಿ ಬಾಯಿಗೆ ಕೈಯಿಟ್ಟುಕೊಂಡಳು.

“ಈಸ್ಟರ್ ದಿನ ಎಲ್ರಿಗೂ ಹೇಳ್ಬೇಕು ಅಂತಿದ್ದೆ,” ಎಂದಳು ಎವ್ಲೀನ್. ಬೋಗುಣಿಯನ್ನು ನಿಧಾನವಾಗಿ ಕೆಳಗಿಟ್ಟಳು. “ಇನ್ನೂ ಒಂದು ಜಾಗ ಬಾಕಿ ಇದೆ ಅತ್ತೆ. ನನ್ನ ಮೈ. ಅದನ್ನೂ ನೋಡ್ಬಿಡಿ. ಸಾಕ್ಷಿಗೆ ಉಮ್ಮ್ ಫತ್ಹೀನೂ ಇದಾರೆ.”

“ನಾನು... ಎವ್ಲೀನ್, ಮನೆ ಮಾನದ ವಿಷಯ ಅಂತ...”

“ಯಾವ ಮನೆ?”

ಹಜಾರದಿಂದ ಮೇಷ್ಟ್ರು, “ಸಮೀಹಾ, ಬಿಡು,” ಎಂದರು. ಕುರ್ಚಿಯಿಂದ ಏಳಲಿಲ್ಲ. ಮುನೀರ್ ಅರ್ಧ ಮುಖದಲ್ಲಿ ಸೋಪಿನ ನೊರೆಯೊಡನೆ ಬಾಗಿಲಿಗೆ ಒರಗಿ ನಿಂತಿದ್ದ. ಎವ್ಲೀನ್ ಅವನನ್ನು ನೋಡಿದಳು. ಅವನು ಏನಾದರೂ ಹೇಳುತ್ತಾನೆಂದು ಕಾಯುತ್ತ, ಒಂದೊಂದೇ ಬಟ್ಟೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಎಲ್ಲ ಮಡಿಸಿ ಆಯಿತು. ಅವನು ಅವಳ ಹಿಂದೆ ಮೆಟ್ಟಿಲಿಳಿದದ್ದು, ಅವಳು ಆಗಲೇ ಬೀದಿ ಸೇರಿದ ಮೇಲೆ.

“ಬರ್ಬೇಡಿ,” ಎಂದಳು ಅವಳು. “ಮುಖ ತೊಳ್ಕೊಳ್ಳಿ ಹೋಗಿ. ಜನ ನೋಡ್ತಿದಾರೆ.”

ಅವಳು ಹೋದ ಮೇಲೆ ಒಳಕೋಣೆ ಬಿಡುವಾಯಿತು. ಮೇಷ್ಟ್ರು ಬಾಗಿಲು ತಟ್ಟದೆ ಕಪಾಟಿನ ಹತ್ತಿರ ಹೋಗಬಹುದಿತ್ತು. ಅವರು ಹೋಗಲಿಲ್ಲ. ಹಜಾರದ ಮೇಜಿನ ಮೇಲೆ ಚಿಮಟ, ಭೂತಗನ್ನಡಿ ಇದ್ದ ಹಾಗೇ ಇದ್ದವು. ಅಂಚೆಯವನು ಬಂದರೆ ಅವರಿಗಿಂತ ಮೊದಲು ಫೆರ್ಯಾಲ್ ಬಾಗಿಲಿಗೆ ಹೋಗುತ್ತಿದ್ದಳು. ಅವರು ಕೂತಲ್ಲಿಂದಲೇ, “ಕೈರೋದಿಂದಾ?” ಎಂದು ಕೇಳುತ್ತಿದ್ದರು.

ಮುನೀರ್ ಕೆಲಸ ಮುಗಿಸಿ ದಿನವೂ ಕರ್ಮೂಜಿಗೆ ಹೋಗುತ್ತಿದ್ದ. ಮಾವ ಶಹಾತಾ ಬಾಗಿಲಲ್ಲೇ ನಿಲ್ಲಿಸಿ, “ಅವಳು ಮಲಗಿದಾಳೆ,” ಎನ್ನುತ್ತಿದ್ದ. ಇಂದೂ ಅದೇ, ನಾಳೆಯೂ ಅದೇ. ಮುನೀರ್ ಮನೆಗೆ ಬಂದು, ಸಮೀಹಾ ಬಡಿಸಿದ ಬದನೆಕಾಯಿಯನ್ನು ಕದಡಿ, ಎದ್ದುಹೋಗುತ್ತಿದ್ದ.

ಇನ್ನೊಂದು ಕಾಟ ಅಜ್ಜಿಯದು. ಮೇಷ್ಟ್ರ ತಾಯಿ ಬಲ್ಸಮ್, ಕಣ್ಣಿಗೆ ಪೊರೆ ಬಂದು ಕಿಟಕಿಯ ಪಕ್ಕದ ಮಂಚದಲ್ಲೇ ಕೂತಿರುವ ಹೆಂಗಸು, ಸಮೀಹಾ ಕೊಟ್ಟ ಊಟವನ್ನು ಮುಟ್ಟುವುದು ಬಿಟ್ಟಳು. ಒಣ ರೊಟ್ಟಿ, ಉಪ್ಪು, ನೀರು. ಅಷ್ಟೇ.

“ಈ ವಯಸ್ಸಲ್ಲಿ ಇಷ್ಟು ಕಟ್ಟುನಿಟ್ಟಿನ ಉಪವಾಸ ಯಾರೂ ಹೇಳಿಲ್ಲ ಅತ್ತೆ. ಚರ್ಚಿನ ಪಾದ್ರಿ ಅಬೂನಾ ಅವರನ್ನ ಬೇಕಾದ್ರೆ ಕೇಳೋಣ,” ಎಂದಳು ಸಮೀಹಾ.

“ಅಬೂನಾ ಹೇಳಿ ಮಾಡೋ ಉಪವಾಸ ಅಲ್ಲ ಇದು,” ಎಂದಳು ಅಜ್ಜಿ.

“ಮತ್ತೆ?”

“ಆ ಹುಡುಗಿ ಅವರೆಕಾಳು ಚೆನ್ನಾಗಿ ಬೇಯಿಸ್ತಿದ್ಳು. ಮೆತ್ತಗೆ. ನನ್ನ ಹಲ್ಲಿಗೆ ಆಗೋ ಹಾಗೆ.”

ಸಮೀಹಾ ಅಡುಗೆಮನೆಗೆ ಹೋಗಿ ಅತ್ತಳು. ಹೊರಗೆ ಬಂದು ಮತ್ತೆ, “ತಪ್ಪು ಮಾಡಿಲ್ಲ ಅಂದ್ರೆ ಓಡಿಹೋಗೋದ್ಯಾಕೆ?” ಎಂದಳು. ದಿನದಲ್ಲಿ ಎಷ್ಟೋ ಸಲ ಅವಳು ಈ ಮಾತನ್ನು ಹೇಳಿಕೊಳ್ಳುತ್ತಿದ್ದಳು. ನೆಲ ಒರೆಸುವಾಗ, ಸೀಮೆಎಣ್ಣೆ ಒಲೆಯ ಬತ್ತಿ ಕತ್ತರಿಸುವಾಗ, ಯಾರೂ ಕೇಳದಿದ್ದಾಗಲೂ.

ಒಂದು ಮಧ್ಯಾಹ್ನ ಮೇಷ್ಟ್ರು ಊಟದ ನಡುವೆ ಹೇಳಿದರು: “ಬಳಗಕ್ಕೆ ಬರ್ದಿದ್ದೀನಿ. ಆ ಚೀಟಿಯ ಬೆಲೆ ನಾನೇ ಕಟ್ಟಿಕೊಡ್ತೀನಿ. ವಿಷಯ ಇಲ್ಲಿಗೆ ಮುಗೀಲಿ.”

ಮುನೀರ್ ರೊಟ್ಟಿ ಕೆಳಗಿಟ್ಟ. “ಬೆಲೆ ಕಟ್ಟಿದ್ರೆ, ನಮ್ಮ ಮನೇಲೇ ಕದ್ರು ಅಂತ ಒಪ್ಪಿಕೊಂಡ ಹಾಗಾಯ್ತಲ್ಲಪ್ಪಾ?”

“ಗಲಾಟೆ ನಿಲ್ಲುತ್ತೆ.”

“ಯಾರು ಕದ್ರು ಅಂತ ಬರೆದ್ರಿ?”

“ಯಾರ ಹೆಸರೂ ಬರ್ದಿಲ್ಲ.”

“ಅದೇ ಮಾತು! ಹೆಸರು ಹೇಳಿಲ್ಲ, ಹೆಸರು ಬರ್ದಿಲ್ಲ. ಈ ಮನೇಲಿ ಇರೋದು ಆರು ಜನ. ನೀವಲ್ಲ, ಅಮ್ಮ ಅಲ್ಲ, ಅಜ್ಜಿಗೆ ಕಣ್ಣಿಲ್ಲ, ಫೆರ್ಯಾಲ್ ಅದನ್ನ ಕಾಲಲ್ಲೂ ಮುಟ್ಟಲ್ಲ. ಉಳಿದೋರು ಯಾರು? ನಾನೇ ಕದ್ದೆ ಅಂತ ಬರೀರಿ!”

“ದನಿ ತಗ್ಗಿಸು!” ಮೇಷ್ಟ್ರು ಮೇಜು ಗುದ್ದಿದರು. ನೀರಿನ ಹೂಜಿ ಉರುಳಿತು. “ಈ ಹುಚ್ಚನ್ನ ಇಷ್ಟು ವರ್ಷ ಮಾನದಿಂದ ಮಾಡಿಕೊಂಡು ಬಂದಿದ್ದೀನಿ. ನಿನ್ನಿಂದ ಪಾಠ ಕಲೀಬೇಕಾ?”

“ನನಗೆ ಮಗು ಆಗ್ತಿದೆ ಅಂತ ನಿಮಗೆ ಗೊತ್ತಾದ್ದು ಹೇಗೆ ಅಂತ ನೆನಪಿದೆಯಾ ಅಪ್ಪಾ?” ಎಂದ ಮುನೀರ್. ಅವನ ದನಿ ನಿಜವಾಗಿಯೂ ತಗ್ಗಿತ್ತು. “ಕಳ್ಳಮಾಲು ಹುಡುಕೋವಾಗ.”

ಫೆರ್ಯಾಲ್ ಎದ್ದು ಚೆಲ್ಲಿದ ನೀರು ಒರೆಸಿದಳು. ಆ ದಿನ ಅವಳಿಗೂ ತಮಾಷೆ ಹೊಳೆಯಲಿಲ್ಲ.

ಈಸ್ಟರಿಗೆ ಹಿಂದಿನ ವಾರದ ಗರಿ ಭಾನುವಾರ ಬಂತು. ಫೆರ್ಯಾಲ್ ಚರ್ಚಿನಿಂದ ತಾಳೆಗರಿಯಲ್ಲಿ ಹೆಣೆದ ಶಿಲುಬೆ ತಂದು ಅಜ್ಜಿಯ ಕೈಗಿಟ್ಟು, ಅಮ್ಮನ ಜೊತೆ ಚಿಕ್ಕಮ್ಮನ ಮನೆಗೆ ಹೋದಳು. ಮುನೀರ್ ಕರ್ಮೂಜಿಗೆ ಹೋಗಿದ್ದ; ಮನೆಯಲ್ಲಿ ಅಜ್ಜಿ, ಮೇಷ್ಟ್ರು ಇಬ್ಬರೇ. ಮೇಷ್ಟ್ರು ಎಂದಿನಂತೆ ಕಣ್ಣಿನ ಔಷಧಿ ಹಿಡಿದು ಬಂದರು.

“ತಲೆ ಹಿಂದೆ ಬಾಗಿಸಮ್ಮ.”

ಅಜ್ಜಿ ಬಾಗಿಸಲಿಲ್ಲ. “ಬೇಡ ಕಣೋ. ನಿನ್ನ ಕೈಯಿಂದ ಬೇಡ.”

“ಯಾಕಮ್ಮಾ?”

“ಬರೋ ಶನಿವಾರ ನಾನು ಪ್ರಸಾದ ತಗೋಬೇಕು. ಅದಕ್ಕೆ ಮುಂಚೆ ಅಬೂನಾ ಹತ್ರ ತಪ್ಪು ಒಪ್ಕೋಬೇಕು. ನನ್ನ ತಪ್ಪೇನು ಅಂತ ಹೇಳ್ಲಿ? ಮಗ ಮಾಡಿದ್ದನ್ನ ನೋಡಿ ಸುಮ್ನಿದ್ದೆ ಅಂತ ಹೇಳ್ಲಾ?”

ಮೇಷ್ಟ್ರ ಕೈಯಲ್ಲಿದ್ದ ಔಷಧಿಯ ಸೀಸೆ ಹಾಗೇ ನಿಂತಿತು.

“ಸೂಜಿಗೆ ದಾರ ಪೋಣಿಸೋಕೆ ಆಗಲ್ಲ ನನಗೆ. ಆದ್ರೆ ಎದುರು ಕೂತಿರೋ ಮಗ ಅಳ್ತಿದಾನೋ ಇಲ್ವೋ ಅಂತ ಗೊತ್ತಾಗಲ್ವೇನೋ? ಅವತ್ತು ಎಲ್ರೂ ಹೊರಗೆ ಹೋಗಿದ್ರು. ನಿನ್ನ ಪಾಠ ಇರ್ಲಿಲ್ಲ. ನೀನು ಒಳಗಿಂದ ನಿನ್ನ ಆಲ್ಬಮ್ ತಂದೆ. ಆ ಪುಸ್ತಕದ ಪಕ್ಕ ಇಟ್ಕೊಂಡು ಅದನ್ನ ನೋಡ್ದೆ, ಇದನ್ನ ನೋಡ್ದೆ. ಆಮೇಲೆ ಅತ್ತೆ. ನಿಮ್ಮಪ್ಪ ಸತ್ತಾಗ ಅತ್ತ ಹಾಗೆ. ಆಮೇಲೆ ತಟ್ಟೇಲಿ ನೀರು ತಂದು ಏನೋ ಬಿಡಿಸ್ದೆ, ಏನೋ ಅಂಟಿಸ್ದೆ.” ಅಜ್ಜಿ ತಾಳೆಗರಿಯ ಶಿಲುಬೆಯನ್ನು ಮಡಿಲಲ್ಲಿಟ್ಟುಕೊಂಡಳು. “ನನಗೆ ಅರ್ಥ ಆಗ್ಲಿಲ್ಲ. ಪತ್ರ ಬಂದಾಗ ಅರ್ಥ ಆಯ್ತು. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ನೀನು ಆ ಮಗೂನ ಬೀದಿಗೆ ಕಳಿಸ್ದೆ.”

ಮೇಷ್ಟ್ರು ಮಂಚದ ಕಾಲಬಳಿ ನೆಲದ ಮೇಲೆ ಕೂತರು.

“ನನ್ನದು ನಕಲಿ ಅಮ್ಮಾ,” ಎಂದರು. “ಪಕ್ಕ ಪಕ್ಕ ಇಟ್ಟಾಗ ಗೊತ್ತಾಯ್ತು. ಇಷ್ಟು ವರ್ಷ ನಾನು ಎಲ್ಲರಿಗೂ ತೋರಿಸ್ತಿದ್ದದ್ದು ನಕಲಿ.”

“ಇದ್ರೆ ಇರ್ಲಿ. ಕಾಗದ ತಾನೆ?”

“ಸಮೀಹಾಳ ಬಳೆ ಮಾರಿ ತಗೊಂಡಿದ್ದು.”

ಅಜ್ಜಿ ಶಿಲುಬೆಯನ್ನು ಮಂಚದ ಮೇಲಿಟ್ಟು, “ಹಾಗಾದ್ರೆ ಮೊದಲು ಅವಳಿಗೆ ಹೇಳು,” ಎಂದಳು. “ನೀನು ಹೇಳದಿದ್ರೆ ನಾನು ಹೇಳ್ತೀನಿ. ನಾನು ಹೇಳಿದ್ರೆ ನಿನಗೆ ಇನ್ನೂ ಕೆಟ್ಟದು.”

ಅವರು ಸೋಮವಾರ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಶಾಲೆಗೆ ಹೋಗಿ ಬಂದರು, ಸಂಜೆ ಚರ್ಚಿಗೆ ಹೋಗಿ ಬಂದರು. ಸಮೀಹಾ ಹಬ್ಬದ ಸಿಹಿ ಬಿಲ್ಲೆಗಳಿಗೆಂದು ಹಿಟ್ಟು ಜರಡಿ ಹಿಡಿಯುತ್ತಿದ್ದರೆ ಅಡುಗೆಮನೆಯ ಬಾಗಿಲವರೆಗೆ ಬಂದು ನೀರು ಕುಡಿದು ಹಿಂದಿರುಗಿದರು. ಅಜ್ಜಿ ಒಣ ರೊಟ್ಟಿಯನ್ನೂ ಬಿಟ್ಟಳು.

ಶುಭ ಶುಕ್ರವಾರ ಇಡೀ ದಿನ ಚರ್ಚಿನಲ್ಲಿ ನಿಂತು, ಸೋತು, ಎಲ್ಲರೂ ಮನೆಗೆ ಬಂದರು. ಸಮೀಹಾ ಮೊಳಕೆ ಕಾಳಿನ ಸಾರು ಬಡಿಸಿ ವಿನೆಗರ್ ಸೀಸೆಯನ್ನು ನಡುವೆ ಇಟ್ಟಳು. ಅಜ್ಜಿಯ ತಟ್ಟೆಯನ್ನು ಫೆರ್ಯಾಲ್ ಮಂಚಕ್ಕೆ ಒಯ್ದಳು; ಅಜ್ಜಿ ಅದನ್ನು ಸರಿಸಿದಳು.

“ನೀವು ಏನಾದ್ರೂ ಹೇಳ್ರೀ. ಸತ್ತೇ ಹೋಗ್ತಾರೆ ಹೀಗಾದ್ರೆ,” ಎಂದಳು ಸಮೀಹಾ.

“ನಾನು ಹೇಳ್ಬೇಕಾದ್ದು ಅಮ್ಮನಿಗಲ್ಲ,” ಎಂದರು ಮೇಷ್ಟ್ರು. “ಆ ಚೀಟಿ ತೆಗೆದವನು ನಾನು.”

ಫೆರ್ಯಾಲಳಿಗೆ ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎನಿಸಿತು. “ಯಾವ ಚೀಟಿ?”

“ಇಲ್ಯಾಸರ ಹಡಗು. ಅದನ್ನ ನಾನು ತೆಗ್ದು, ನನ್ನದನ್ನ ಅಲ್ಲಿ ಅಂಟಿಸಿದೆ. ನನ್ನದು ನಕಲಿ. ಮುನೀರ್ ಹುಟ್ಟಿದ ವರ್ಷ ಮಾರ್ಸೇಲ್ಸಿನ ವ್ಯಾಪಾರಿಯಿಂದ ಅಂಚೆಯಲ್ಲಿ ತರಿಸಿದ್ದು. ಸಮೀಹಾಳ ತಾಯಿ ಹಾಕಿದ್ದ ಬಳೆ ಮಾರಿ. ಒಂದು ಜೊತೆ ಹೋದ್ರೆ ಹತ್ತು ಜೊತೆ ಬರುತ್ತೆ ಅಂದಿದ್ದೆ ಅವಳಿಗೆ.” ಅವರು ಯಾರನ್ನೂ ನೋಡದೆ, ತಟ್ಟೆಯ ಕಾಳುಗಳನ್ನು ನೋಡುತ್ತ ಹೇಳುತ್ತಿದ್ದರು. “ಬಳೆ ಕೊಟ್ಟು ಕಸ ತಂದೆ ಅಂತ ಅವಳ ಮುಂದೆ ಹೇಗೆ ಹೇಳ್ಲಿ? ನನಗೇ ಇಷ್ಟು ವರ್ಷ ಮೋಸ ಮಾಡಿದ್ದು ಬೇರೆಯವರಿಗೂ ಮಾಡುತ್ತೆ ಅಂದ್ಕೊಂಡೆ. ಆ ಡಾಕ್ಟರ್ ಒಂದೇ ನೋಟಕ್ಕೆ ಹಿಡಿದುಬಿಟ್ರು.”

ಮುನೀರ್ ಎದ್ದು ನಿಂತ. “ನೀವು ಇಲ್ಲೇ ಕೂತಿದ್ರಿ,” ಎಂದ. “ಅವಳ ಪೆಟ್ಟಿಗೆ ತೆಗೆದಾಗ ಇದೇ ಕುರ್ಚೀಲಿ ಕೂತಿದ್ರಿ.”

“ಹೌದು.”

ಎಲ್ಲರೂ ಸಮೀಹಾಳ ಕಡೆ ನೋಡಿದರು. ಅವಳು ಸೆರಗಿನಂತೆ ಹೊದ್ದಿದ್ದ ಕಪ್ಪು ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಆ ಬಳೆ ನಾನು ಮರ್ತು ಎಷ್ಟೋ ವರ್ಷ ಆಯ್ತು ಕಣ್ರೀ,” ಎಂದಳು. “ಹೇಗಿತ್ತು ಅಂತಾನೂ ನೆನಪಿಲ್ಲ. ನಕಲಿ ಅಂತ ಬಂದು ಹೇಳಿದ್ರೆ ಒಂದು ಹೊತ್ತು ಬೈದು ಸುಮ್ನಾಗ್ತಿದ್ದೆ. ರಾತ್ರಿಗೆ ಅನ್ನ ಇಡ್ತಿದ್ದೆ.” ಅವಳು ಶಾಲಿನ ತುದಿ ಬಿಟ್ಟಳು. “ಆ ಹುಡುಗಿಯ ಒಳಬಟ್ಟೆಗೆ ಕೈ ಹಾಕಿದೋಳು ನಾನು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಲಿ ಮಾಡಿಸಿದ್ರಿ. ಕೂತಲ್ಲಿಂದ ‘ಸಮೀಹಾ, ಬಿಡು’ ಅಂದ್ರಲ್ಲ, ಒಂದು ಹೆಜ್ಜೆ ಎದ್ದು ಬಂದಿದ್ರೆ ಸಾಕಿತ್ತು.”

ಸಮೀಹಾ ಎದ್ದು, ತನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಮಂಚದ ತುದಿಯಲ್ಲಿ ಕೂತಳು. ಅಜ್ಜಿ ಕೈ ಚಾಚಿದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಇಲ್ಯಾಸರ ಚೀಟಿಯನ್ನು ಲಕೋಟೆಯಲ್ಲಿಟ್ಟು, ನಡೆದದ್ದನ್ನೆಲ್ಲ ಬರೆದು, ಅಂಚೆ ಕಚೇರಿಯಲ್ಲಿ ರಸೀದಿ ಪಡೆದರು. ಅಲ್ಲಿಂದ ಸಮೀಹಾಳ ಜೊತೆ ಕರ್ಮೂಜಿನ ಟ್ರಾಮ್ ಹತ್ತಿದರು. ದಾರಿಯುದ್ದಕ್ಕೂ ಅವಳು ಮಹಿಳೆಯರ ಸಾಲಿನಲ್ಲಿ, ಅವರು ಬಾಗಿಲ ಹತ್ತಿರ. ಮುನೀರ್ ಆಗಲೇ ಅಲ್ಲಿದ್ದ, ಶಹಾತಾನ ಮನೆಯ ಮೆಟ್ಟಿಲ ಮೇಲೆ.

ಶಹಾತಾ ಬಾಗಿಲು ತೆರೆದು ಮೂವರನ್ನೂ ನೋಡಿದ. “ಏನು ಮೇಷ್ಟ್ರೇ, ಈ ಮನೇನೂ ಹುಡುಕ್ಬೇಕಾ?”

“ಇಲ್ಲ. ಕಳ್ಳ ಸಿಕ್ಕಿದಾನೆ. ನಾನೇ,” ಎಂದರು ಮೇಷ್ಟ್ರು.

ಹೊಸ್ತಿಲ ಹೊರಗೇ ನಿಂತು ಅವರು ಎಲ್ಲವನ್ನೂ ಹೇಳಿದರು. ಶಹಾತಾನ ಕುತ್ತಿಗೆಯ ನರ ಉಬ್ಬಿತು. “ನನ್ನ ಮಗಳು ಪ್ರತಿ ರಾತ್ರಿ ಹೊಟ್ಟೆ ಹಿಡ್ಕೊಂಡು ಅತ್ತಿದಾಳೆ. ಪಾಠ ಹೇಳೋ ಮನುಷ್ಯ ನೀವು! ನನ್ನ ಟ್ರಾಮಲ್ಲಿ ಜೇಬು ಕತ್ತರಿಸೋ ಹುಡುಗರಿಗೂ ಸಿಕ್ಕಿಬಿದ್ದಾಗ ನಾಚಿಕೆ ಇರುತ್ತೆ,” ಎಂದ. ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅವನು ಇನ್ನೂ ಬೈಯುತ್ತಿದ್ದನೇನೋ, ಎವ್ಲೀನ್ ಒಳಗಿನಿಂದ ಬಂದು ಅಪ್ಪನ ಭುಜ ಮುಟ್ಟಿದಳು. ಮುಖ ಸೊರಗಿತ್ತು, ಹೊಟ್ಟೆ ತುಸು ಕಾಣುತ್ತಿತ್ತು.

ಸಮೀಹಾ ಮುಂದೆ ಬಂದಳು. “ಅವರು ಮಾಡಿದ್ದು ಅವರದು. ನಾನು ಮಾಡಿದ್ದು ನನ್ನದು. ನನಗೆ ಯಾರೂ ಹುಡುಕು ಅಂತ ಹೇಳಿರ್ಲಿಲ್ಲ ಎವ್ಲೀನ್. ನಾನೇ ಹುಡುಕಿದೆ. ನನ್ನ ಮಗ ನಿನ್ನ ಕಡೆ ಆದ ಅನ್ನೋ ಹೊಟ್ಟೆಯುರಿ ಇತ್ತು ನನಗೆ. ಕ್ಷಮಿಸ್ತೀಯೋ ಬಿಡ್ತೀಯೋ, ಹೇಳಿದ್ದೀನಿ.”

“ನೀವು ಬೈದ್ರಿ, ಹುಡುಕಿದ್ರಿ. ನಿಮ್ಮ ಮನಸ್ಸಲ್ಲಿ ಇದ್ದದ್ದನ್ನ ಮಾಡಿದ್ರಿ,” ಎಂದಳು ಎವ್ಲೀನ್. “ಮಾವ ತಮ್ಮ ಭಯಕ್ಕೆ ಮಾಡಿದ್ರು.” ಆಮೇಲೆ ಗಂಡನ ಕಡೆ ತಿರುಗಿದಳು. “ನೀವು?”

“ನಾನು ಏನೂ ಮಾಡ್ಲಿಲ್ಲ,” ಎಂದ ಮುನೀರ್.

“ಹೌದು. ನಾನು ಬಟ್ಟೆ ಮಡಿಸ್ತಾ ಮಡಿಸ್ತಾ ಕಾದೆ. ಒಂದು ಮಾತು ಹೇಳಿದ್ರೆ ಅಲ್ಲೇ ಇರ್ತಿದ್ದೆ. ನನ್ನನ್ನ ಕಳ್ಳಿ ಅಂದ್ಕೊಂಡ್ರಾ?”

“ಒಂದು ಗಳಿಗೆ,” ಎಂದ ಅವನು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಎವ್ಲೀನ್ ಕಣ್ಣೊರೆಸಿಕೊಂಡಳು. “ಆ ಮನೆಗೆ ನಾನು ಬರಲ್ಲ. ಬಾಡಿಗೆಗೆ ಒಂದು ಕೋಣೆ ನೋಡಿ. ಚಿಕ್ಕದಾದ್ರೂ ಪರವಾಗಿಲ್ಲ, ಬೀಗ ನಮ್ಮದಾಗಿರ್ಲಿ. ಸಿಕ್ಕಿದ ದಿನ ಬಂದು ಕರೀರಿ.”

“ನನ್ನ ಆಲ್ಬಮ್ ಮಾರ್ತೀನಿ. ಮುಂಗಡಕ್ಕೆ ಆಗುತ್ತೆ,” ಎಂದರು ಮೇಷ್ಟ್ರು ಆತುರದಿಂದ.

“ಬೇಡ ಮಾವ. ಆ ದುಡ್ಡಲ್ಲಿ ಬಂದ ಗೋಡೆ ಮಧ್ಯ ನನಗೆ ನಿದ್ದೆ ಬರಲ್ಲ.”

ಮುನೀರ್ ಸಂಜೆ ಎರಡನೆಯ ಕೆಲಸ ಹಿಡಿದ. ಬೇಸಗೆಯ ಕೊನೆಗೆ ಕರ್ಮೂಜಿನಲ್ಲೇ ತಾರಸಿಯ ಮೇಲಿನ ಕೋಣೆಯೊಂದು ಸಿಕ್ಕಿತು. ಬಳಗ ಮೇಷ್ಟ್ರ ಹೆಸರನ್ನು ತೆಗೆದುಹಾಕಿ, ಹಾಗೆಂದು ಊರೂರಿನ ಸದಸ್ಯರಿಗೆಲ್ಲ ತಿಳಿಸಿತು. ಅವರ ಮನೆಗೆ ಸುತ್ತು ಪುಸ್ತಕ ಬರುವುದು ನಿಂತಿತು. ಕ್ರಿಸ್ಮಸ್ಸಿಗೆ ಇಲ್ಯಾಸರ ಶುಭಾಶಯವೂ ಬರಲಿಲ್ಲ. ಅವರು ಆಲ್ಬಮ್ಮುಗಳನ್ನು ಮಾರಲೂ ಇಲ್ಲ, ತೆರೆಯಲೂ ಇಲ್ಲ.

ಮಗು ಹುಟ್ಟಿದ್ದು ಆ ಕ್ರಿಸ್ಮಸ್ಸಿಗೂ ಮುಂಚೆ, ಚಳಿಗಾಲದ ಮಳೆಗಾಳಿ ಶುರುವಾಗುವ ಮೊದಲೇ. ಹೆಣ್ಣು. ಏಳನೆಯ ದಿನದ ಶಾಸ್ತ್ರಕ್ಕೆ ಸಮೀಹಾ, ಫೆರ್ಯಾಲ್ ಬೆಳಿಗ್ಗೆಯೇ ತಾರಸಿಯ ಕೋಣೆಗೆ ಹೋದರು. ಬಟಾಣಿ ಹುರಿದರು, ಮೋಂಬತ್ತಿ ಹಚ್ಚಿದರು. ಹಿಂದಿನ ಸಲ ಕರ್ಮೂಜಿಗೆ ಬಂದಾಗ ಶಹಾತಾನ ಮನೆಯಲ್ಲಿ ಮೇಷ್ಟ್ರು ಹೊಸ್ತಿಲಾಚೆ ನಿಂತು ಹಿಂದಿರುಗಿದ್ದರು. ಈ ಸಲ ಅವರನ್ನು ಯಾರೂ ಬರಬೇಡವೆಂದಿರಲಿಲ್ಲ, ಬನ್ನಿ ಎಂದೂ ಅಂದಿರಲಿಲ್ಲ. ಆದರೂ ಬಂದರು. ತಾರಸಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲ ಹತ್ತಿರ ಟೋಪಿ ಹಿಡಿದು ನಿಂತರು. ಒಳಗೆ ನೆಂಟರು ತಿರುಗಿ ನೋಡಿದರು. ಶಹಾತಾ ಗಂಟಲು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದ.

ಎವ್ಲೀನ್ ಹಾಸಿಗೆಯ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಮಾವನನ್ನು ನೋಡಿದಳು, ಮುನೀರನನ್ನು ನೋಡಿದಳು. ಮುನೀರ್ ಎದ್ದು, ಎಲ್ಲರಿಗೂ ಕೇಳುವಂತೆ, “ಬನ್ನಿ ಅಪ್ಪಾ, ಒಳಗೆ ಬನ್ನಿ,” ಎಂದ.

ಮೇಷ್ಟ್ರು ಕದಲಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದರು.

“ಟ್ರಾಮಲ್ಲಿ ಬಂದಿದೀರಿ ಮಾವ,” ಎಂದಳು ಎವ್ಲೀನ್. “ಕೈ ತೊಳ್ಕೊಂಡು ಬನ್ನಿ. ಮಗೂನ ಎತ್ಕೊಳ್ಳೀರಂತೆ.”

ಅವರು ತಾರಸಿಯ ನಲ್ಲಿಗೆ ಹೋದರು. ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿದರು. ನೀರು ಬಿಟ್ಟರು, ಮತ್ತೆ ಹಚ್ಚಿದರು. ಫೆರ್ಯಾಲ್ ಬಂದು, “ಸಾಕಪ್ಪಾ, ಚರ್ಮ ಕಿತ್ತು ಬರುತ್ತೆ,” ಎಂದು ವಸ್ತ್ರ ಕೊಟ್ಟಳು. ಒಳಗೆ ಮಗು ಅಳಲು ಶುರುಮಾಡಿತ್ತು. ಅವರು ಕೈ ಒರೆಸಿಕೊಳ್ಳುತ್ತಲೇ ಆ ಕಡೆ ನಡೆದರು.